ಪಾಲಿಗೆ ಕೊಟ್ಟ ಆಕಳು

“ಬಾಲ ಬಿಡಬ್ಯಾಡ ಚಾಚಿ. ಆ ಕಡೆ ಎಳದು ಹಿಡಿ.”

ಖುರ್ಷಿದಬೇಗಂ ಎರಡೂ ಕೈಯಿಂದ ಬಾಲ ಎಳೆದು ಹಿಡಿದಳು. ಸಂತೋಷಕುಮಾರನ ಎಡಗೈ ಮೊಣಕೈಯವರೆಗೆ ಆಕಳಿನೊಳಗಿತ್ತು. ಬೇವಿನ ಮರಕ್ಕೆ ಕಟ್ಟಿದ್ದ ಆಕಳು ಒಮ್ಮೆ ಬೆನ್ನು ಬಾಗಿಸಿ, ಕಾಲು ಬದಲಿಸಿ, ಸುಮ್ಮನಾಯಿತು. ಅವನು ಕಣ್ಣು ಮುಚ್ಚಿಕೊಂಡಿದ್ದ. ಒಳಗಿನದನ್ನು ಬೆರಳಿನಿಂದಲೇ ನೋಡಬೇಕು. ಬಲಗೈಯಲ್ಲಿದ್ದ, ಬೀಜ ಹಾಕುವ ಉಕ್ಕಿನ ಗನ್ನು ನಿಧಾನವಾಗಿ ಒಳಗೆ ಸರಿಯಿತು, ನಿಂತಿತು, ಮತ್ತೆ ಸರಿಯಿತು.

“ಇದೂ ಜರ್ಸಿನೇ ಏನು?”

“ಹೂಂ, ಜರ್ಸಿ.”

“ಜರ್ಸಿ ಹೋರಿ ನಮ್ಮ ಬಿಸಲಿಗಿ ತಡ್ಯಂಗಿಲ್ಲ ಅಂತಾರ, ಬೇಟಾ.”

“ತಾಯಿ ದೇವಣಿ ಅದಲ್ಲ. ಅರ್ಧ ರಕ್ತ ಇಲ್ಲಿಂದೇ. ತಡೀತದ.”

“ಭುಜದ ಡುಬ್ಬ ಬರ್ತದೇನು?”

“ಸಣ್ಣದು ಬರ್ತದ.”

“ಸಣ್ಣದಾದ್ರೂ ಸಾಕು, ನೊಗ ನಿಂತ್ರ ಆಯ್ತು,” ಎಂದಳು ಖುರ್ಷಿದಬೇಗಂ. “ಹಿಂದಿನ ಎರಡೂ ಸಲ ಕಡಸು ಆಯ್ತು. ಈ ಸಲರೆ ಹೋರಿ ಆಗ್ಲಿ ಅಂತ ಶುಕ್ರವಾರ ಶುಕ್ರವಾರ ದುವಾ ಕೇಳ್ಲಿಕತ್ತೀನಿ.”

ಸಂತೋಷಕುಮಾರ ಗನ್ನಿನ ಹಿಂದಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿದ. ಐದು ಎಣಿಸುವಷ್ಟು ಹೊತ್ತು ಒತ್ತಿಯೇ ಇದ್ದ.

“ಅದೆಲ್ಲ ನಮ್ಮ ಕೈಯಾಗ ಎಲ್ಲಿ ಅದ ಚಾಚಿ,” ಎಂದ.

ಕೈ ತೊಳೆದುಕೊಂಡ ಮೇಲೆ ಬೀಜ ತುಂಬಿ ಬಂದಿದ್ದ ಗುಲಾಬಿ ಬಣ್ಣದ ಖಾಲಿ ಕೊಳವೆಯನ್ನು ಎಂದಿನಂತೆ ತಿಪ್ಪೆಗೆ ಎಸೆಯದೆ ಅಂಗಿಯ ಕಿಸೆಗೆ ಹಾಕಿಕೊಂಡ. ಸಾದಾ ಕೊಳವೆಗಳಿಗೆ ಬೇರೆ ಬಣ್ಣ. ಅದನ್ನು ಖುರ್ಷಿದಬೇಗಂ ಗಮನಿಸುವವಳಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೂ ಹಾಕಿಕೊಂಡ. ಚಹಾ ಕುಡಿದು ಹೋಗೆಂದಳು. ಸುಲೇಪೇಟದಲ್ಲಿ ಇನ್ನೊಂದು ಎಮ್ಮೆ ಕಾಯುತ್ತಿದೆ ಎಂದು ಹೇಳಿ, ಗಾಡಿಗೆ ಕ್ಯಾನು ಬಿಗಿದು ಹೊರಟ. ನೇರ ಮನೆಗೆ ಹೋದ.

ಆಕಳು ಸಂತೋಷಕುಮಾರನ ತಾಯಿ ಗುರುಲಿಂಗಮ್ಮನದು. ತೆಂಗಳಿಯ ಅವಳ ಅಣ್ಣ ಕೊಟ್ಟದ್ದು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಹೊಲ, ಎತ್ತು, ಎಮ್ಮೆ, ಕಣಜ ಎಲ್ಲ ಗಂಡ ರೇವಣಪ್ಪನ ಹೆಸರಿನವು. ಎರಡು ಸಾವಿರದ ಎರಡರಲ್ಲಿ ಅವಳಿಗೆ ಗರ್ಭಕೋಶದ ಆಪರೇಷನ್ ಆಗಿ ಬಗ್ಗಿ ಏಳುವುದೇ ಕಷ್ಟವಾದಾಗ, ಎರಡು ವರ್ಷದ ಕಡಸಾಗಿದ್ದ ಆಕಳನ್ನು ಖುರ್ಷಿದಬೇಗಂ ಮನೆಗೆ ಪಾಲಿಗೆ ಕೊಟ್ಟಿದ್ದಳು. ಕಾಗದವಿಲ್ಲ, ಪಂಚರಿಲ್ಲ. ಇಬ್ಬರು ಹೆಂಗಸರು ಬಾಗಿಲ ಕಟ್ಟೆಯ ಮೇಲೆ ಕೂತು ಆಡಿದ ಮಾತು: ಮೇವು, ಮೈ ತೊಳೆಯುವುದು, ಕಾಯುವುದು ಖುರ್ಷಿದಬೇಗಂಳದು. ಹಾಲು ಅರ್ಧರ್ಧ. ಹುಟ್ಟಿದ್ದು ಕಡಸಾದರೆ ಗುರುಲಿಂಗಮ್ಮನಿಗೆ, ಹೋರಿಯಾದರೆ ಸಾಕಿದವಳಿಗೆ.

ಮೊದಲನೆಯದು ಹೋರಿ ಹುಟ್ಟಿತು. ಅದೇ ಈಗ ಖುರ್ಷಿದಬೇಗಂ ಗಂಡ ಮಜೀದಸಾಬನ ಒಂಟಿ ಎತ್ತು. ಎರಡನೆಯದು ಕಡಸು. ಅದನ್ನು ರೇವಣಪ್ಪ ಸೇಡಂ ಸಂತೆಯಲ್ಲಿ ಮಾರಿ ಮಗನಿಗೆ ಬೀಜದ ಕ್ಯಾನು, ಸಾಮಾನು ಕೊಡಿಸಿದ. ಮೂರನೆಯದೂ ಕಡಸು, ನಾಲ್ಕು ತಿಂಗಳದ್ದು, ಇನ್ನೂ ತಾಯಿಯ ಹಾಲು ಕುಡಿಯುತ್ತಿತ್ತು. ಹಾಲು ಬಿಟ್ಟ ಮೇಲೆ ಅದು ಈ ಮನೆಗೆ ಬರಬೇಕು.

ಸಂತೋಷಕುಮಾರ ಬಂದಾಗ ಹೆಂಡತಿ ರಾಜೇಶ್ವರಿ ರೊಟ್ಟಿ ಬಡಿಯುತ್ತಿದ್ದಳು.

“ಹಾಕಿದ್ರೇನು?”

“ಹಾಕಿದೆ.”

“ಅದನೇ?”

“ಅದನೇ. ಹೈದರಾಬಾದ್ ಏಜೆಂಟ ಎರಡು ಕೊಟ್ಟಿದ್ದ, ನಮೂನಿಗಿ ಅಂತ. ಒಂದು ಮುಗೀತು.”

“ಹೆಣ್ಣಿನ ಬೀಜ ಅಷ್ಟೇ ಹ್ಯಾಂಗ ಬ್ಯಾರೆ ಮಾಡ್ತಾರಂತ?”

“ಮಷೀನ ಅದ, ಪರದೇಶದಾಗ. ಗಂಡಿಂದು ಬ್ಯಾರೆ, ಹೆಣ್ಣಿಂದು ಬ್ಯಾರೆ ಸೋಸಿ, ಹೆಣ್ಣಿಂದಷ್ಟೇ ತುಂಬ್ತಾರ.”

“ಬ್ಯಾಳ್ಯಾಗ ಹಳ್ಳು ಆರಿಸಿದಂಗ.”

“ಹಂಗೇ ಅನ್ನು.”

ರಾಜೇಶ್ವರಿ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. “ಚಾಚಿ ಏನಂದ್ಳು?”

“ಹೋರಿ ಆಗ್ಲಿ ಅಂದ್ಳು.”

ರಾಜೇಶ್ವರಿ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕಪ್ಪಗಾಯಿತು.

ವಾರದ ನಂತರ ಗುರುಲಿಂಗಮ್ಮ ಲಿಂಗಪೂಜೆ ಮುಗಿಸಿ ಕೊಟ್ಟಿಗೆಗೆ ಬಂದಾಗ ಸೊಸೆ ಕಲ್ಲಿನಿಂದ ಗೂಟ ಬಡಿಯುತ್ತಿದ್ದಳು. ನೆಲದ ಒಂದು ಮೂಲೆ ಕೆತ್ತಿ, ಮೊರಮು ಹಾಕಿ, ಸೆಗಣಿಯಿಂದ ಸಾರಿಸಿದ್ದಳು. ಪಕ್ಕಪಕ್ಕದಲ್ಲಿ ಎರಡು ಗೂಟ.

“ಎರಡ್ಯಾಕ?”

“ಕಡಸಿಗಿ ಅತ್ತಿ.”

“ಕಡಸು ಬರೋದು ಒಂದೇ ಅಲ್ಲೇನು? ಇನ್ನೊಂದು ಯಾರದು?”

“ಮುಂದಿಂದು ಬರ್ತದಲ್ಲ, ಈಗ ಹಾಕಿದ್ದು...” ರಾಜೇಶ್ವರಿಯ ಕೈಯ ಕಲ್ಲು ಹಾಗೇ ನಿಂತಿತು.

“ಹುಟ್ಟಲಾರದ್ದಕ್ಕ ಗೂಟ ಬಡದಿ. ಅದು ಹೋರಿ ಆದ್ರ?”

ರಾಜೇಶ್ವರಿ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಒರೆಸಿಕೊಂಡ ಮೇಲೂ ಸೆರಗು ಮುಖದ ಮೇಲೇ ಇತ್ತು. “ಅವರನ್ನೇ ಕೇಳ್ರಿ,” ಎಂದಳು.

ಆ ಸಂಜೆ ಊಟದಲ್ಲಿ ಪುಂಡಿಪಲ್ಯ, ರೊಟ್ಟಿ, ಶೇಂಗಾದ ಹಿಂಡಿ ಇತ್ತು. ಗುರುಲಿಂಗಮ್ಮ ಬಡಿಸಲು ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದಳು. ಸಂತೋಷಕುಮಾರ ಸುಳ್ಳು ಹೇಳಲಿಲ್ಲ. ತಾಟಿನ ಕಡೆ ನೋಡುತ್ತಲೇ ಎಲ್ಲ ಹೇಳಿದ. ಒಂದು ಕಡಸು ಹುಟ್ಟಿಸಿ ತೋರಿಸಿದರೆ ಸುತ್ತಿನ ಹತ್ತು ಊರಿನವರು ಅವನನ್ನೇ ಕರೆಯುತ್ತಾರೆ. ಮನೆಯಲ್ಲಿ ಎರಡು ಜರ್ಸಿ ನಿಂತರೆ ಡೇರಿಗೆ ದಿನಾ ಹಾಲು ಹಾಕಬಹುದು.

“ನಿಮ್ಗೂ ಗೊತ್ತಿತ್ತೇನ್ರಿ?” ಗುರುಲಿಂಗಮ್ಮ ಗಂಡನನ್ನು ಕೇಳಿದಳು.

“ಮೊನ್ನಿ ಹೇಳ್ಯಾನ,” ಎಂದ ರೇವಣಪ್ಪ, ರೊಟ್ಟಿ ಮುರಿಯುತ್ತ.

“ಮನ್ಯಾಗ ಮೂರು ಮಂದಿಗಿ ಗೊತ್ತದ. ಆಕಳ ಯಾರದೋ ಅಕಿಗಿ ಗೊತ್ತಿಲ್ಲ.”

“ಹೇಳಿದ್ರ ನೀ ಬ್ಯಾಡ ಅಂತಿದ್ದಿ, ಅದಕ್ಕ ಹೇಳಿಲ್ಲ,” ಎಂದ ಸಂತೋಷಕುಮಾರ.

“ಆಕಳ ನಮ್ದು,” ಎಂದ ರೇವಣಪ್ಪ. “ನಮ್ಮ ಆಕಳಿಗಿ ನಾವು ಏನು ಬೇಕಾದ್ದು ಹಾಕಿಸ್ತೀವಿ. ಆ ಖುರ್ಷಿದಾ ಯಾಕ ಕೇಳ್ತಾಳ?”

“ಅಕಿ ಕೇಳಂಗಿಲ್ರಿ. ಅದಕ್ಕೇ ನಂಗ ತ್ರಾಸ ಆಗ್ಲಿಕತ್ತದ.”

“ಅವ್ವಾ, ಈಗ ಎತ್ತು ಯಾರಿಗಿ ಬೇಕು ಹೇಳು,” ಮಗ ಈಗ ತಲೆಯೆತ್ತಿದ. “ತಾಸಿಗಿ ಇಷ್ಟು ಅಂತ ಟ್ರ್ಯಾಕ್ಟರ್ ಬರ್ತದ. ಜರ್ಸಿ ಹೋರಿ ಹುಟ್ಟಿದ್ರ ಹಾಲು ಕುಡದು ದಂಡ.”

“ಮಜೀದಸಾಬಂಗ ಬೇಕು.”

“ಅವನೊಬ್ಬನಿಗಿ.”

“ಅವನೊಬ್ಬನ ಮನ್ಯಾಗೇ ಆಕಳ ಇರೋದು.”

ರೇವಣಪ್ಪ ನಕ್ಕ. ನಕ್ಕದ್ದು ತಪ್ಪಾಯಿತು ಅನಿಸಿ ಮಜ್ಜಿಗೆ ಕೇಳಿದ. ರಾಜೇಶ್ವರಿ ಕೊಟ್ಟಳು.

“ಕಡಸು ಆದ್ರ ನಮ್ಗ, ಹೋರಿ ಆದ್ರ ಅವರಿಗಿ. ಆದ್ರ ಅಂತ ಮಾತಿತ್ತು,” ಎಂದಳು ಗುರುಲಿಂಗಮ್ಮ. “ಆಗೋಕಿಂತ ಮೊದ್ಲೇ ನೀ ಹಂಚಿ ಬಂದಿ. ನಾಳೆ ಹೋಗಿ ಹೇಳು.”

“ಹಾಕಿದ ದಿನದಿಂದ ಇಪ್ಪತ್ತೊಂದು ದಿನ ತಡಿ ಅವ್ವಾ. ಈ ಬೀಜ ಭಾಳ ಸಲ ನಿಲ್ಲಂಗಿಲ್ಲ. ಆಕಳ ತಿರುಗಿ ಬೆದಿಗಿ ಬಂದ್ರ ಸಾದಾದೇ ಹಾಕ್ತೀನಿ, ನಿನ್ನಾಣಿ. ಆಗ ಹೇಳೋದೂ ಇಲ್ಲ, ಕೇಳೋದೂ ಇಲ್ಲ.”

ಗುರುಲಿಂಗಮ್ಮ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತಳು. ಆಮೇಲೆ ಒಳಗೆ ಹೋಗಿ ತನ್ನ ತಾಟು ತಂದುಕೊಂಡು ಕೂತಳು. ಕಾಯುತ್ತೇನೆ ಎಂದು ಅವಳು ಹೇಳಲಿಲ್ಲ. ಕೂತದ್ದರಿಂದ ಎಲ್ಲರಿಗೂ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಖುರ್ಷಿದಬೇಗಂ ಎಂದಿನಂತೆ ಅರ್ಧ ಪಾಲಿನ ಹಾಲು ಹಿತ್ತಾಳೆ ಚರಿಗೆಯಲ್ಲಿ ತಂದು ಕಟ್ಟೆಯ ಮೇಲಿಟ್ಟಳು. ಗುರುಲಿಂಗಮ್ಮ ಚಹಾಕ್ಕೆ ಹಾಲು ಬೇಡ ಎಂದಳು. ಅದರ ಮರುದಿನವೂ ಬೇಡ ಎಂದಳು.

“ಹಾಲು ಬಿಟ್ರ ಪಾಪ ಕಳೀತದೇನು ಅತ್ತಿ?” ಎಂದಳು ರಾಜೇಶ್ವರಿ, ಕರಿ ಚಹಾ ಸೋಸುತ್ತ.

“ಕಳ್ಯಂಗಿಲ್ಲ. ಗಂಟಲಾಗ ಇಳ್ಯಂಗಿಲ್ಲ, ಅಷ್ಟೇ.”

ಜೂನಿನ ಮಿರಗದ ಮಳೆ ಆ ವರ್ಷ ತಡವಾಯಿತು. ಬಿದ್ದ ಮೂರನೇ ದಿನಕ್ಕೆ ಊರಿಗೆ ಊರೇ ಬಿತ್ತಲು ಹೊರಟಿತು. ಮಜೀದಸಾಬನದು ನಾಲ್ಕು ಎಕರೆ ಕರಿ ನೆಲ. ಶಹಾಬಾದದ ಪರ್ಸಿ ಹಾಸುಗಲ್ಲಿನ ಗಣಿಯಲ್ಲಿ ಹದಿನೈದು ವರ್ಷ ಕಲ್ಲು ಒಡೆದು, ಕೆಮ್ಮು ಹಚ್ಚಿಕೊಂಡು ಬಂದವನು. ಒಂಟಿ ಎತ್ತಿನವನು ಇನ್ನೊಬ್ಬ ಒಂಟಿ ಎತ್ತಿನವನ ಜೊತೆ ಕೂಡಬೇಕು. ಅವನು ಕೂಡಿದ್ದು ಚಂದ್ರಾಮಪ್ಪನ ಜೊತೆ. ಮೊದಲು ಚಂದ್ರಾಮಪ್ಪನ ಹೊಲ, ಆಮೇಲೆ ಚಂದ್ರಾಮಪ್ಪನ ತಮ್ಮನ ಹೊಲ, ಆಮೇಲೆ ಅವನ ಅಳಿಯನ ಹೊಲ. ಮಜೀದಸಾಬನ ಪಾಳಿ ಬರುವಷ್ಟರಲ್ಲಿ ಮಣ್ಣು ಮೇಲಿನಿಂದ ಬಿಳಿಯಾಗಿ ಒಣಗಿತ್ತು.

ಇಪ್ಪತ್ತೊಂದನೆಯ ದಿನ ಗುರುಲಿಂಗಮ್ಮ ತಾನೇ ಖುರ್ಷಿದಬೇಗಂ ಮನೆಗೆ ಹೋದಳು. ಕಾಲುನೋವು ಶುರುವಾದ ಮೇಲೆ ಅಷ್ಟು ದೂರ ನಡೆದವಳಲ್ಲ.

“ಅಲ್ಲಾ! ಅಕ್ಕಾ, ನೀ ಯಾಕ ಬಂದಿ? ಹೇಳಿ ಕಳಿಸಿದ್ರ ನಾನೇ ಬರ್ತಿದ್ದೆ. ಕುಂದ್ರು ಕುಂದ್ರು.”

“ಆಕಳ ನೋಡಿ ಹೋಗಣ ಅಂತ.”

ಆಕಳು ಜೋಳದ ಕಣಕಿ ಮೇಯುತ್ತಿತ್ತು. ಕೂಗುತ್ತಿರಲಿಲ್ಲ, ಹಗ್ಗ ಜಗ್ಗುತ್ತಿರಲಿಲ್ಲ. ಗುರುಲಿಂಗಮ್ಮ ಬೆದೆಯ ಲೋಳೆ ಇದೆಯೇನೋ ಎಂದು ಅದರ ಬಾಲದ ಕಡೆ ನೋಡಿದಳು. ಒಣಗಿತ್ತು.

“ನಿನ್ನಿ ರಾತ್ರಿ ಕೂಗ್ತೇನು?”

“ಇಲ್ಲಕ್ಕಾ. ಮುಂಜಾನಿ ತನಕ ನಾಕು ಸಲ ಎದ್ದು ನೋಡೀನಿ. ತಣ್ಣಗ ಅದ. ನಿಂತದ ಅಂತ ಕಾಣ್ತದ.” ಖುರ್ಷಿದಬೇಗಂ ಅವಳ ಕೈ ಹಿಡಿದುಕೊಂಡಳು. “ನೀನೂ ದಿನ ಎಣಿಸ್ಲಿಕತ್ತಿದ್ದೇನು? ನಾ ಒಬ್ಬಾಕಿನೇ ಅಂತ ತಿಳದಿದ್ದೆ.”

ಒಳಗಿನಿಂದ ಮಜೀದಸಾಬ ಕೆಮ್ಮಿದ. “ಹೋರಿ ಹುಟ್ಟಿದ್ರ ಇನ್ನ ಮೂರು ವರ್ಷಕ್ಕ ಚಂದ್ರಾಮಪ್ಪಗ ಸಲಾಮ ಹೊಡ್ಯೋದು ತಪ್ತದ, ಅಕ್ಕಾವ್ರೆ,” ಎಂದ.

ಹೇಳಿಬಿಡಬೇಕು ಎಂದೇ ಗುರುಲಿಂಗಮ್ಮ ಬಂದಿದ್ದಳು. ಬದಲಿಗೆ ತೊಗರಿ ಎಷ್ಟು ಎದ್ದಿದೆ ಎಂದು ಕೇಳಿದಳು. ಇನ್ನೂ ಬಿತ್ತೇ ಇಲ್ಲ ಎಂದ ಮಜೀದಸಾಬ.

ಮನೆಗೆ ಬಂದು ಮಗನಿಗೆ, “ತಿರುಗಿಲ್ಲ,” ಎಂದಳು. “ಇನ್ನ ಇಪ್ಪತ್ತೊಂದು ದಿನ ನೋಡಣು,” ಎಂದ ಅವನು. ಮುಖದಲ್ಲಿ ಖುಷಿ ಕಾಣದಿರಲಿ ಎಂದು ಗಾಡಿಯ ಚೈನಿಗೆ ಎಣ್ಣೆ ಬಿಡಲು ಕೂತ.

ಆಷಾಢದಲ್ಲಿ ಅತ್ತೆ ಸೊಸೆ ಇಬ್ಬರೇ ಹೊಲದಲ್ಲಿ ಹೆಸರು ಬೆಳೆಯ ಕಳೆ ತೆಗೆಯುತ್ತಿದ್ದರು. ಗುರುಲಿಂಗಮ್ಮ ಬಗ್ಗಲಾರದೆ ಕುಂಡೆಯೂರಿ ಸರಿದು ಸರಿದು ಕಳೆ ಕೀಳುತ್ತಿದ್ದಳು.

“ನಾ ಒಂದು ಮಾತು ಅಂತೀನಿ ಅತ್ತಿ, ಸಿಟ್ಟಿಗಿ ಬರಬ್ಯಾಡ್ರಿ.”

“ಅನ್ನು.”

“ಈ ಮನಿಗಿ ಬಂದು ಆರು ವರ್ಷ ಆಯ್ತು. ಬಳಿ ಬೇಕಂದ್ರ ಮಾವನ್ನ ಕೇಳ್ಬೇಕು. ಚಿತ್ತಾಪುರಕ್ಕ ತವರಿಗಿ ಹೋಗ್ಬೇಕಂದ್ರ ಬಸ್ಸಿಗಿ ಮಾವನ್ನ ಕೇಳ್ಬೇಕು. ನಿಮ್ಗ ಒಂದು ಆಕಳರೆ ಅದ. ನಂಗ ಏನದ?”

ಗುರುಲಿಂಗಮ್ಮ ಕಳೆಯ ಬೇರಿನ ಮಣ್ಣು ಬಡಿದಳು. “ಈಗ ಬರೋ ಕಡಸು ನಿಂದೇ ಅಂತ ಇಟ್ಕೊ. ನಾ ನಿಮ್ಮ ಮಾವಗ ಹೇಳ್ತೀನಿ.”

“ಒಂದು ಆಕಳಿನ ಹಾಲು ಮನಿಯಾಗೇ ಮುಗೀತದ. ಎರಡಿದ್ರ ಡೇರಿ. ಡೇರ್ಯಾಗ ಹಾಲು ಹಾಕಿದವರ ಹೆಸರು ಬರೀತಾರ. ರಾಜೇಶ್ವರಿ ಅಂತ ಬರೀತಾರ.”

“ಹೂಂ.”

“ನಾ ಹುಟ್ಟಿದಾಗ ನಮ್ಮಜ್ಜಿ ಎಂಟು ದಿನ ಮಾತೇ ಆಡಿಲ್ಲಂತ. ಈ ಕಡಸಿಗಿ ನೋಡ್ರಿ, ಹುಟ್ಟೋಕಿಂತ ಮೊದ್ಲೇ ನೆಲ ಸಾರಿಸಿ ಆಗ್ಯಾದ.” ಅವಳು ನಕ್ಕಳು. ಗುರುಲಿಂಗಮ್ಮನಿಗೂ ನಗು ಬಂತು. ನಗುತ್ತಲೇ ಅವಳು, “ಅಕಿಗಿ ಹೇಳ್ಲೇಬೇಕು ರಾಜೇಶ್ವರಿ,” ಎಂದಳು.

“ಹೇಳ್ರಿ,” ಎಂದಳು ಸೊಸೆ. ಕಿತ್ತ ಕಳೆಯನ್ನು ಬದುವಿಗೆ ಎಸೆದು ಮುಂದಿನ ಸಾಲಿಗೆ ಹೋದಳು.

ನಲವತ್ತೆರಡನೆಯ ದಿನವೂ ಆಕಳು ತಿರುಗಲಿಲ್ಲ. ಆ ದಿನ ಊಟಕ್ಕೆ ಕೂತಾಗ ಗುರುಲಿಂಗಮ್ಮ ಮಗನ ತಾಟಿಗೆ ರೊಟ್ಟಿ ಹಾಕದೆ ಕೈಯಲ್ಲಿ ಹಿಡಿದುಕೊಂಡೇ ನಿಂತಳು.

“ಯಾವಾಗ ಹೇಳ್ತಿ?”

“ಗಬ್ಬ ಆಗ್ಯಾದೋ ಇಲ್ಲೋ ಕೈ ಹಾಕಿ ನೋಡೋಕ ಇನ್ನ ಒಂದು ತಿಂಗಳು ಬೇಕು.”

“ಅದು ಆದ ಮ್ಯಾಲೆ ಇನ್ನೊಂದು ಹೇಳ್ತಿ.”

“ಮತ್ತ ಏನು ಮಾಡ್ಲಿ ಅವ್ವಾ?” ಅವನ ದನಿ ಏರಿತು. “ಒಂದು ಸೂಜಿ ಅದ. ಹಾಕಿದ್ರ ನಾಕು ದಿನದಾಗ ಗಬ್ಬ ಇಳೀತದ. ಹಾಕ್ಲೇನು? ನೀ ಹೂಂ ಅನ್ನು, ನಾಳೆನೇ ಹಾಕಿ ಬರ್ತೀನಿ.”

ರೇವಣಪ್ಪ ತುತ್ತನ್ನು ಬಾಯಿಗೆ ಒಯ್ಯದೆ ಹೆಂಡತಿಯ ಕಡೆ ನೋಡಿದ. ರಾಜೇಶ್ವರಿ ಒಲೆಯ ಕಡೆ ತಿರುಗಿದಳು. ಗುರುಲಿಂಗಮ್ಮನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿತು.

“ಇನ್ನೊಮ್ಮಿ ಆ ಮಾತು ಈ ಮನ್ಯಾಗ ಆಡಬ್ಯಾಡ,” ಎಂದಳು. ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು. “ನೀ ಕೈ ಹಾಕಿ ನೋಡೋ ದಿವಸ ನಾನೂ ಬರ್ತೀನಿ.”

“ಬಂದು?”

“ಬಂದು ನಿಂದರ್ತೀನಿ. ನೀ ಹೇಳ್ತಿ.”

ರೇವಣಪ್ಪ ಕೈ ತೊಳೆದು ಎದ್ದ. “ತಾಯಿ ಮಗ ಕೂಡಿ ಮನಿ ಮರ್ಯಾದಿ ಓಣ್ಯಾಗ ಹರಾಜ ಮಾಡ್ರಿ. ನಾ ಬರಂಗಿಲ್ಲ,” ಎಂದ. ಹೇಳಿದಂತೆ ಅವನು ಹೋಗಲೂ ಇಲ್ಲ.

ಆಗಸ್ಟ್ ಮುಗಿಯುತ್ತ ಬಂದಾಗ ರಮಜಾನ ಶುರುವಾಗಿ ಮೂರು ದಿನವಾಗಿತ್ತು. ಮಧ್ಯಾಹ್ನ ಸಂತೋಷಕುಮಾರ, ಗುರುಲಿಂಗಮ್ಮ, ರಾಜೇಶ್ವರಿ ಮೂವರೂ ಹೋದರು. ರಾಜೇಶ್ವರಿಯನ್ನು ಯಾರೂ ಕರೆದಿರಲಿಲ್ಲ. ಅವಳೇ ಚಪ್ಪಲಿ ಹಾಕಿಕೊಂಡಳು.

ಖುರ್ಷಿದಬೇಗಂಳ ತುಟಿಗಳು ರೋಜಾದ ಉಪವಾಸದಿಂದ ಒಣಗಿದ್ದವು. ಆಕಳನ್ನು ಬೇವಿನ ಮರಕ್ಕೆ ಕಟ್ಟಿ, ತಾನೇ ಬಾಲ ಹಿಡಿದು ನಿಂತಳು. ಸಂತೋಷಕುಮಾರ ಕೈ ಹಾಕಿದ. ಈ ಸಲ ಕಣ್ಣು ತೆರೆದೇ ಇದ್ದ, ಎದುರಿನ ಗೋಡೆ ನೋಡುತ್ತ.

“ಗಬ್ಬ ಆಗ್ಯಾದ,” ಎಂದ. “ಹತ್ರ ಹತ್ರ ಮೂರು ತಿಂಗಳಿಂದು.”

“ಯಾ ಅಲ್ಲಾ!” ಖುರ್ಷಿದಬೇಗಂ ಬಾಲ ಬಿಟ್ಟು ಒಳಗೆ ಓಡಿದಳು. ಒಂದು ಬಟ್ಟಲಲ್ಲಿ ಸಕ್ಕರೆ ತಂದಳು. “ನಾ ತಿನ್ನಂಗಿಲ್ಲ, ನೀವು ತಿನ್ರಿ. ತೊಗೋ ಅಕ್ಕಾ, ಬಾಯಿ ಸೀ ಮಾಡ್ಕೊ.”

“ಇರ್ಲಿ ಖುರ್ಷಿದಾ. ಮೊದಲು ಕುಂದ್ರು. ಹೇಳೋ,” ಎಂದಳು ಗುರುಲಿಂಗಮ್ಮ ಮಗನಿಗೆ.

ಅವನು ಹೇಳಿದ. ಕೈಯ ಪ್ಲಾಸ್ಟಿಕ್ ಗವಸನ್ನು ತೆಗೆಯುವುದು ಮರೆತಿದ್ದ. ಹೆಣ್ಣು ಕರು ಮಾತ್ರ ಹುಟ್ಟುವ ಬೀಜ ಬೇರೆ ಬರುತ್ತದೆ, ಅದನ್ನೇ ಹಾಕಿದೆ, ಕೇಳದೆ ಹಾಕಿದೆ, ಅವ್ವನಿಗೂ ಹೇಳದೆ ಹಾಕಿದೆ. ಖುರ್ಷಿದಬೇಗಂ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ಬಾಗಿಲೊಳಗೆ ಹೊರಸಿನ ಮೇಲೆ ಮಲಗಿದ್ದ ಮಜೀದಸಾಬ ಎದ್ದು ಕೂತ.

“ನಿಂಗ ಯಾವಾಗ ಗೊತ್ತಾಯ್ತು ಅಕ್ಕಾ?”

“ವಾರಕ್ಕ.”

“ಆ ದಿನ ಬಂದಿದ್ಯಲ್ಲ, ಆಗ?”

“ಗೊತ್ತಿತ್ತು.”

ಖುರ್ಷಿದಬೇಗಂ ತಲೆ ಅಲ್ಲಾಡಿಸಿದಳು. ಒಂದು ಇರುವೆ ಬಟ್ಟಲಿನ ಅಂಚಿಗೆ ಹತ್ತಿತ್ತು. ಅದನ್ನು ಬೆರಳಿನಿಂದ ತೆಗೆದು ನೆಲಕ್ಕೆ ಬಿಟ್ಟಳು.

“ನಾನೂ ಬಾಯಿ ಮುಚ್ಕೊಂಡು ಕುಂತೆ, ನಂದೂ ತಪ್ಪದ,” ಎಂದಳು ಗುರುಲಿಂಗಮ್ಮ. “ಕೇಳು. ಈ ಸಲ ಹುಟ್ಟೋದು ಏನಿದ್ರೂ ನಿಂದೇ. ಕಡಸಾದ್ರೂ ನಿಂದು. ಆಕಳ ನಂದು, ಮಾತು ನಂದು. ಇವರ್ಯಾರೂ ಅಡ್ಡ ಬರಂಗಿಲ್ಲ.”

ರಾಜೇಶ್ವರಿ ಆಕಳ ಕೊರಳಿನ ಹಗ್ಗದ ಗಂಟನ್ನು ನೋಡುತ್ತ ನಿಂತಿದ್ದಳು. “ಹೂಂ ಚಾಚಿ,” ಎಂದಳು. ದನಿ ಸಣ್ಣದಿತ್ತು.

“ಜರ್ಸಿ ಕಡಸಿಗಿ ಭಾಳ ಬೆಲಿ ಅದ ಚಾಚಿ,” ಎಂದ ಸಂತೋಷಕುಮಾರ. “ಮಾರಿದ್ರ ಒಳ್ಳೆ ಹೋರಿ ಬರ್ತದ. ಕಮ್ಮಿ ಬಿದ್ರ ನಾ ಹಾಕ್ತೀನಿ. ಸೇಡಂ ಸಂತ್ಯಾಗ ನಾನೇ ನಿಂತು ಕೊಡಸ್ತೀನಿ.”

“ತೊಗೋ,” ಎಂದ ಒಳಗಿನಿಂದ ಮಜೀದಸಾಬ. “ಕೊಡ್ತೀನಂತಾರ, ತೊಗೋ.”

ಖುರ್ಷಿದಬೇಗಂ ಗಂಡನ ಕಡೆ ತಿರುಗಲಿಲ್ಲ. “ಬೇಟಾ, ಆ ಬೀಜ ಖಾತ್ರಿ ಏನು? ಹೋರಿ ಆಗೋದೇ ಇಲ್ಲೇನು?”

ಸಂತೋಷಕುಮಾರ ಗವಸು ಎಳೆದು ತೆಗೆದ. “ನೂರಕ್ಕ ನೂರು ಅಲ್ಲ. ಹತ್ತರಾಗ ಒಂದು ಹೋರಿ ಆಗ್ತದ.”

“ಹತ್ತರಾಗ ಒಂದು.”

“ಹೂಂ.”

“ಮೊದ್ಲು ಹತ್ತರಾಗ ಐದಿದ್ವು. ಈಗ ಒಂದು ಉಳದದ.” ಅವಳು ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಎದ್ದಳು. “ಆ ಒಂದರಾಗೇ ನೋಡ್ತೀನಿ. ಇನ್ನ ಆರು ತಿಂಗಳು ಮೇವು ಹಾಕ್ತೀನಿ, ನೀರು ಕುಡಸ್ತೀನಿ. ಹೋರಿ ಆದ್ರ ನಂದು. ಕಡಸು ಆದ್ರ ನಿಮ್ದು, ಬಂದು ಒಯ್ರಿ.”

“ಹುಚ್ಚಿ ಹಂಗ ಮಾತಾಡಬ್ಯಾಡ,” ಎಂದ ಮಜೀದಸಾಬ. ಕೆಮ್ಮು ಬಂತು. ಕೆಮ್ಮು ಮುಗಿಯುವವರೆಗೆ ಎಲ್ಲರೂ ಕಾದರು.

“ಆ ಕಡಸು ನಾ ಯಾವ ಮುಖ ಹೊತ್ತು ಮನಿಗಿ ಒಯ್ಲಿ, ಖುರ್ಷಿದಾ?” ಎಂದಳು ಗುರುಲಿಂಗಮ್ಮ.

“ಅದು ನಿಮ್ಮ ಮನಿ ಮಾತು ಅಕ್ಕಾ, ನಂಗ ಕೇಳಬ್ಯಾಡ. ನಾ ಪಾಲಿಗಿ ಸಾಕೀನಿ. ಖೈರಾತಿಗಿ, ದಾನಕ್ಕ ಸಾಕಿಲ್ಲ.”

“ಖೈರಾತ ಅಂದವರ್ಯಾರು? ನಿನ್ನ ಹಕ್ಕಿಂದು ಕೊಡ್ಲಿಕತ್ತೀನಿ. ನನ್ನ ಸಲುವಾಗಿರೆ ತೊಗೋ.”

“ಬ್ಯಾಡ.”

“ಖುರ್ಷಿದಾ—”

“ಬ್ಯಾಡ ಅಂದ್ನೆಲ್ಲ ಅಕ್ಕಾ. ನಂಗ ಬ್ಯಾಡ.”